ಎತ್ತರದ ಸಸಿಗಳಿಗೆ ಮೊದಲ ದರ್ಜೆ

ಬೆಂಕಿಪೊಟ್ಟಣದಲ್ಲಿ ಕೊಳೆತ ಕಾಳಿನ ವಾಸನೆ ಇಂದಿಗೂ ನನ್ನ ಮೂಗಿನ ತುದಿಯಲ್ಲೇ ಇದೆ. ಆಗ ನನಗೆ ಎಂಟು ವರ್ಷ. ಒದ್ದೆ ಹತ್ತಿಯಲ್ಲಿ ಕಾಳಿಟ್ಟು ಮೊಳಕೆ ಬರಿಸಿಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದ್ದರು. ಉಳಿದ ಮಕ್ಕಳು ಇಟ್ಟು ಮರೆತರು; ಅವರ ಕಾಳು ಮೊಳೆತವು. ನಾನು ಗಂಟೆಗೊಮ್ಮೆ ತೆರೆದು ನೋಡಿದೆ, ನೋಡಿದಾಗಲೆಲ್ಲ ಎರಡು ಹನಿ ನೀರು ಹಾಕಿದೆ. ಐದನೆಯ ದಿನ ಪೊಟ್ಟಣ ತೆರೆದರೆ ಹುಳಿ ಹಿಡಿದ ಹಿಟ್ಟು, ಗಂಧಕ, ಒದ್ದೆ ಕಾಲುಚೀಲ ಮೂರೂ ಬೆರೆತಂಥ ವಾಸನೆ ಮನೆಯನ್ನೆಲ್ಲ ತುಂಬಿಕೊಂಡಿತು. ಅಣ್ಣ ಅದನ್ನು ಇಕ್ಕಳದಲ್ಲಿ ಹಿಡಿದು, ಸತ್ತ ಇಲಿಯನ್ನು ಒಯ್ಯುವವನ ಹಾಗೆ ಮುಖ ತಿರುಗಿಸಿಕೊಂಡು ಹೊರಗೆ ಒಯ್ದ.

ಬುದ್ಧಿ ಇದ್ದವರಾದರೆ ಅಲ್ಲಿಗೇ ಪಾಠ ಕಲಿಯುತ್ತಿದ್ದರು. ನಾನು ಕಾಲೇಜು ಸೇರಿ ಸಸ್ಯಶಾಸ್ತ್ರ ತೆಗೆದುಕೊಂಡೆ.

ಪದವಿ ಬಂತು. ಅದರ ಬೆನ್ನಿಗೇ ಹೆಣ್ಣುಮಕ್ಕಳ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸವೂ ಸಿಕ್ಕಿತು. ಮೂವತ್ತೊಂದು ವರ್ಷ ಗಿಡಗಳ ನಡುವೆಯೇ ಬದುಕಿದೆ ಎಂದು ಹೇಳಿಕೊಂಡು ಓಡಾಡುತ್ತೇನೆ. ನಿಜ ಹೇಳಬೇಕೆಂದರೆ ಅವೆಲ್ಲ ಸತ್ತ ಗಿಡಗಳು. ಹಳೆಯ ಪತ್ರಿಕೆಗಳ ನಡುವೆ ಇಟ್ಟು ಒತ್ತಿ, ಒಣಗಿಸಿ, ಬಿಳಿ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಹೆಸರು ಬರೆಯುವುದು ನನ್ನ ಕೆಲಸ. ವಿದ್ಯಾರ್ಥಿನಿಯರು ಅಂಟಿಸಿ ತಂದ ಹಾಳೆಗಳಿಗೆ ಅಂಕ ಕೊಡುವವಳೂ ನಾನೇ. ಒಂದೇ ಒಂದು ಜೀವಂತ ಗಿಡವನ್ನು ಬೀಜದಿಂದ ಹೂವಿನವರೆಗೆ ತಂದ ದಾಖಲೆ ನನ್ನ ಎಪ್ಪತ್ತಾರು ವರ್ಷದ ಬಾಳಿನಲ್ಲಿ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಕೇಳದೆ ಹೇಳುವಷ್ಟು ಸತ್ಯಸಂಧಳು ನಾನಲ್ಲ.

ನಾನು ಮತ್ತು ನನ್ನ ನಾದಿನಿ, ಎಂದರೆ ತೀರಿಕೊಂಡ ನನ್ನ ಗಂಡನ ತಂಗಿ, ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದೇವೆ. ಅವಳು ಆಸ್ಪತ್ರೆಯಲ್ಲಿ ಹಿರಿಯ ನರ್ಸಾಗಿದ್ದು ನಿವೃತ್ತಳಾದವಳು. ಕುಳ್ಳು, ಗಟ್ಟಿ ಆಳು. ಎಪ್ಪತ್ತೆರಡಾದರೂ ಮೆಟ್ಟಿಲು ಹತ್ತುವಾಗ ನನ್ನ ಕೈಚೀಲವನ್ನೂ ಕಿತ್ತುಕೊಂಡು ಮುಂದೆ ಹೋಗುತ್ತಾಳೆ, ಬೈಯುತ್ತಲೇ.

ಕೆಳಗೆ, ನಮ್ಮ ಮೆಟ್ಟಿಲಿನ ಪಕ್ಕದಲ್ಲೇ, ಟೈಲರ್ ಮಾಸ್ಟರ ಅಂಗಡಿ. ಮಾಸ್ಟರು ಕತ್ತರಿಸಿ ಹೊಲಿದರೆ ಅವರ ಹೆಂಡತಿ ಗುಂಡಿ, ಕಾಜಾ, ಅಂಚು ನೋಡಿಕೊಳ್ಳುತ್ತಿದ್ದಳು. ಅಂಗಡಿಯ ಮುಂದಿನ ಕಲ್ಲಿನ ಮೇಲೆ ನಾಲ್ಕು ಕುಂಡ ಇಟ್ಟು ಪ್ರತಿ ವರ್ಷ ಒಂದೇ ಜಾತಿಯ ಹೂ ಬೆಳೆಸುತ್ತಿದ್ದಳು. ಹೂವಿನ ಎರಡು ಕೆನ್ನೆ ಒತ್ತಿದರೆ ಅದು ಬಾಯಿ ತೆರೆಯುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಪುಸ್ತಕದಲ್ಲಿ ಅದಕ್ಕೆ ಆಂಟಿರೈನಮ್ ಎಂದು ಹೆಸರು. ಆಕೆ ಬಾಯಿಬಡುಕಿ ಎನ್ನುತ್ತಿದ್ದಳು. ಹೊಲಿದಿಟ್ಟ ಬಟ್ಟೆಯನ್ನು ತಿಂಗಳಾದರೂ ಒಯ್ಯದ ಗಿರಾಕಿ ಆ ದಾರಿಯಲ್ಲಿ ಹೋದರೆ ಒಂದು ಹೂವಿನ ಬಾಯಿ ತೆರೆಸಿ, "ಸಾರ್, ನಿಮ್ಮ ಪ್ಯಾಂಟು ಒಳಗೆ ಅಳ್ತಾ ಇದೆಯಂತೆ" ಎಂದು ಅದರಿಂದ ಹೇಳಿಸುತ್ತಿದ್ದಳು. ನಾನು ತರಕಾರಿ ಹೊತ್ತು ಬರುವುದು ಕಂಡರೆ ಒಂದು ಮಾತೂ ಆಡದೆ ಸ್ಟೂಲನ್ನು ಹೊರಗೆ ಸರಿಸುತ್ತಿದ್ದಳು. ಮೂರು ಮಹಡಿ ಹತ್ತುವ ಮೊದಲು ಮುದುಕಿ ಐದು ನಿಮಿಷ ಕೂರಲಿ ಎಂದು. ಕೂತ ನಾನು ಉಪನ್ಯಾಸ ಕೊಡುತ್ತಿದ್ದೆ: ಈ ಹೂವಿನ ಕುಟುಂಬ ಯಾವುದು, ಕೇಸರಗಳು ಎಷ್ಟು, ದುಂಬಿ ಹೇಗೆ ಒಳನುಗ್ಗುತ್ತದೆ. ಆಕೆ ಗುಂಡಿ ಹಚ್ಚುತ್ತಾ "ಹೌದಾ ಅಮ್ಮಾ?" ಎನ್ನುತ್ತಿದ್ದಳು. ಬೆಳೆಸುವುದು ಅವಳಿಗೆ ಗೊತ್ತಿತ್ತು, ಹೇಳುವುದು ನನಗೆ.

ಆಕೆಯ ಹೂವಿನ ಬಣ್ಣ ಬೇರೆಲ್ಲೂ ಸಿಗುತ್ತಿರಲಿಲ್ಲ. ಹೊರಗೆಲ್ಲ ಬೆಣ್ಣೆಯ ಬಣ್ಣ, ಗಂಟಲಲ್ಲಿ ಮಾತ್ರ ಬೆರಳೊತ್ತಿದಂತೆ ಒಂದು ಕೆಂಪು. ಹತ್ತಾರು ವರ್ಷ ತನ್ನ ಕುಂಡದ ಬೀಜವನ್ನೇ ಎತ್ತಿಟ್ಟು ಬಿತ್ತಿ ಬಿತ್ತಿ ಆ ಬಣ್ಣವನ್ನು ಉಳಿಸಿಕೊಂಡಿದ್ದಳು.

ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಆ ವರ್ಷ ಬಿತ್ತಲು ಯಾರೂ ಇರಲಿಲ್ಲ. ಖಾಲಿ ಕುಂಡಗಳಿಗೆ ದಾರಿಹೋಕರು ಬಸ್ ಟಿಕೆಟ್ಟು, ಚಹಾದ ಲೋಟ ಎಸೆಯತೊಡಗಿದರು. ಮಾಸ್ಟರು ದಿನಾ ಬೆಳಿಗ್ಗೆ ಬೀಗ ತೆಗೆಯುವ ಮುಂಚೆ ಅವನ್ನು ಹೆಕ್ಕಿ ತೆಗೆಯುತ್ತಿದ್ದರು.

ಈ ಚಳಿಗಾಲದ ಆರಂಭದಲ್ಲಿ ಒಂದು ದಿನ ಅವರು ನನ್ನನ್ನು ಕರೆದರು.

"ಅಮ್ಮಾ, ಒಂದ್ನಿಮಿಷ ಬರ್ತೀರಾ? ನೀವು ಗಿಡದ ಬಗ್ಗೆನೇ ಓದಿದವರಲ್ವಾ?"

ಗುಂಡಿಯ ಡಬ್ಬಿಯೊಳಗಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಮೇಲೆ ಆಕೆಯ ಕೈಬರಹದಲ್ಲಿ ‘ಬಾಯಿಬಡುಕಿ, ಕಲ್ಲಿನ ಮೇಲಿನದು’ ಎಂದಿತ್ತು. ಒಳಗೆ ಕಪ್ಪು ಹುಡಿ. ಬೀಜವೆಂದರೆ ನಂಬಲಾಗದಷ್ಟು ಸಣ್ಣದು.

"ಇಷ್ಟೇ ಉಳಿದಿರೋದು. ನನ್ನ ಕಣ್ಣಿಗೆ ಇದು ಬೀಜಾನೋ ಧೂಳೋ ಗೊತ್ತಾಗಲ್ಲ. ಈಗ ಮನೆಯೊಳಗೆ ಬಿತ್ತಿದ್ರೆ ಚಳಿ ಹೋಗೋ ಹೊತ್ತಿಗೆ ಕುಂಡಕ್ಕೆ ಇಡಬಹುದು ಅಂತ ಅವಳು ಹೇಳ್ತಿದ್ಲು. ಅರ್ಧ ನಿಮಗೆ ಕೊಡ್ತೀನಿ, ಅರ್ಧ ಇಟ್ಕೋತೀನಿ."

ಆ ಕ್ಷಣ ನಾನು ಬಾಯಿ ಮುಚ್ಚಿಕೊಂಡು ಅರ್ಧ ಪೊಟ್ಟಣ ತೆಗೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಯಾರಾದರೂ ‘ಓದಿದವರು’ ಎಂದುಬಿಟ್ಟರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

"ಬೀಜಕ್ಕೂ ಆಯುಸ್ಸು ಅಂತ ಇದೆ ಮಾಸ್ಟರೇ" ಎಂದೆ. "ಆಗಲೇ ಎರಡು ವರ್ಷ ಹಳೇದು. ಇನ್ನೊಂದು ವರ್ಷ ಡಬ್ಬೀಲಿ ಇಟ್ರೆ ಒಳಗೇ ಸಾಯುತ್ತೆ. ಎಲ್ಲಾ ಕೊಡಿ. ನಾನಿದ್ದೀನಲ್ಲ."

ಮಾಸ್ಟರು ಪೊಟ್ಟಣವನ್ನೂ ನನ್ನನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಪೂರ್ತಿ ಪೊಟ್ಟಣವನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿ ಮುಚ್ಚಿದರು.

ಮನೆಗೆ ಬಂದು ಹೇಳಿದಾಗ ನಾದಿನಿ ಬಟ್ಟೆ ಮಡಿಸುತ್ತಿದ್ದಳು.

"ಅತ್ತಿಗೆ, ಮೂವತ್ತೊಂದು ವರ್ಷ ಸತ್ತ ಗಿಡಗಳ ಜೊತೆ ಸಂಸಾರ ಮಾಡಿದ್ರಿ. ಬದುಕಿರೋದು ಎದುರಿಗೆ ಬಂದ್ರೆ ಗುರುತು ಹಿಡೀತೀರಾ?"

"ತತ್ತ್ವ ಗೊತ್ತಿದ್ರೆ ಸಾಕು ಕಣೇ."

"ತತ್ತ್ವಕ್ಕೆ ನೀರು ಹಾಕೋರು ಯಾರು?"

ನೀರು ಹಾಕುವವಳು ಅವಳೇ ಆದಳು, ಮೊದಲ ಹತ್ತು ದಿನ. ನಾನು ಬಿಸ್ಕತ್ತಿನ ಅಗಲ ತಟ್ಟೆಯೊಂದಕ್ಕೆ ಮಣ್ಣು ತುಂಬಿ ಬೀಜ ಉದುರಿಸಲು ಹೊರಟಾಗ ಉಸಿರಿಗೇ ಅರ್ಧ ಹಾರಿಹೋಗುವಂತಿತ್ತು. ಅವಳು ನನ್ನನ್ನು ಪಕ್ಕಕ್ಕೆ ತಳ್ಳಿ, ಔಷಧದ ಪುಡಿ ಹಂಚುವವಳಂತೆ ಕಾಗದವನ್ನು ಮಡಿಸಿ, ಆ ಮಡಿಕೆಯಿಂದ ಬೆರಳಲ್ಲಿ ತಟ್ಟಿ ತಟ್ಟಿ ಸಮನಾಗಿ ಉದುರಿಸಿದಳು. ತಟ್ಟೆಯ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿ ದಿನಾಂಕ, ಮೂರು ಹೊತ್ತಿನ ತಾಪ, ಕೊಟ್ಟ ನೀರು ಬರೆದಳು. ‘ರೋಗಿಯ ಸ್ಥಿತಿ’ ಎಂಬ ಕಾಲಮ್ಮಿನಲ್ಲಿ ಹತ್ತು ದಿನ ‘ಬದಲಾವಣೆ ಇಲ್ಲ’ ಎಂದಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಮಣ್ಣಿನ ಮೇಲೆ ಹಸಿರು ಚುಕ್ಕೆಗಳು. ಭೂತಗನ್ನಡಿ ಹಿಡಿದು ಎಣಿಸಿದೆ. ಎಪ್ಪತ್ತೆಂಟು. ಕೆಳಗಿಳಿದು ಮಾಸ್ಟರಿಗೆ ಹೇಳಿದಾಗ ಅವರು ಮೆಷಿನ್ನಿನ ಚಕ್ರಕ್ಕೆ ಕೈ ಅಡ್ಡವಿಟ್ಟು ನಿಲ್ಲಿಸಿದರು.

"ಎಪ್ಪತ್ತೆಂಟು ಜನಾನಾ?"

"ಇನ್ನೂ ಬರ್ತಾರೆ."

"ನೋಡಿದ್ರಾ, ನೀವು ಹೇಳಿದ್ದೇ ಸರಿ. ಡಬ್ಬೀಲಿ ಇಟ್ಟಿದ್ರೆ ಸತ್ತೋಗ್ತಿದ್ವು."

ಮೂರು ಮಹಡಿಯನ್ನು ಆ ದಿನ ನಾನು ನಿಲ್ಲದೆ ಹತ್ತಿದೆ.

ಅಲ್ಲಿಂದ ಮುಂದೆ ನಾನೇ ಯಜಮಾನಿ. ತಟ್ಟೆಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಆ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದೆ. ಮಧ್ಯಾಹ್ನದಲ್ಲೂ ದೀಪ ಹಾಕಿಕೊಂಡೇ ತರಕಾರಿ ಹೆಚ್ಚಬೇಕು. "ನನ್ನ ಕೋಣೆ ಕಿಟಕೀಲಿ ಬಿಸಿಲು ಬರುತ್ತೆ, ಕುರ್ಚಿ ತೆಗೀತೀನಿ, ಅಲ್ಲಿಡಿ" ಎಂದಳು ನಾದಿನಿ. ಎಳೆಯ ಮೊಳಕೆಗೆ ಬಿಸಿಲು ತಾಗಬಾರದು ಎಂದು ನಾನು ತೀರ್ಪು ಕೊಟ್ಟೆ. ಎಲ್ಲಿ ಓದಿದ್ದೆನೋ ದೇವರೇ ಬಲ್ಲ.

ಸಸಿಗಳು ಬೆಳೆದವು. ಬೆಳೆದವು ಅಂದರೆ ಓಡಿದವು. ತಟ್ಟೆಯ ಒಳಭಾಗದವು ಎರಡೇ ವಾರದಲ್ಲಿ ಬೆರಳುದ್ದ ಏರಿ, ಸೂಜಿಗೆ ಪೋಣಿಸುವ ದಾರದಂತೆ ನೀಳವಾಗಿ, ತುದಿಯಲ್ಲಿ ಎರಡು ಪುಟ್ಟ ಎಲೆ ಹಿಡಿದು ನಿಂತವು. ಗಾಜಿನ ಪಕ್ಕದ ಸಾಲಿನವು ಮಾತ್ರ ಕುಳ್ಳಾಗಿ, ಗಿಡ್ಡ ಕತ್ತಿನೊಂದಿಗೆ ಮಣ್ಣಿಗೆ ಅಂಟಿಕೊಂಡು ಕೂತಿದ್ದವು.

ಇಕ್ಕಟ್ಟಾದಾಗ ಕೆಲವನ್ನು ಕೀಳಬೇಕು ಎಂಬುದು ನನಗೂ ಗೊತ್ತಿತ್ತು. ಯಾವುದನ್ನು ಕೀಳಬೇಕು ಎಂಬಲ್ಲಿ ನನ್ನ ಮೂವತ್ತೊಂದು ವರ್ಷದ ಅನುಭವ ಕೆಲಸಕ್ಕೆ ಬಂತು. ಹಾಳೆಗೆ ಅಂಟಿಸುವವರಿಗೆ ನೀಳವಾದ ಗಿಡವೇ ಚಂದ. ಕಾಂಡ ಚಪ್ಪಟೆಯಾಗಿ ಕೂರುತ್ತದೆ, ಎಲೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕುಳ್ಳ, ದಪ್ಪ ಗಿಡ ಕಾಗದದ ಕೆಳಗೆ ಕಪ್ಪೆಯಂತೆ ಉಬ್ಬಿಕೊಳ್ಳುತ್ತದೆ. ಅಂಥ ಹಾಳೆ ತಂದವರಿಗೆ ನಾನು ಯಾವತ್ತೂ ಪಾಸಿಗಿಂತ ಹೆಚ್ಚು ಅಂಕ ಕೊಟ್ಟವಳಲ್ಲ. ಕನ್ನಡಕ ಹಾಕಿಕೊಂಡು, ಚಿಮಟ ಹಿಡಿದು, ಕಿಟಕಿಯ ಪಕ್ಕದ ಕುಳ್ಳರನ್ನೆಲ್ಲ ಒಂದೊಂದಾಗಿ ಕಿತ್ತೆ. ಅತ್ಯಂತ ಎತ್ತರದ ಇಪ್ಪತ್ತನಾಲ್ಕನ್ನು ಉಳಿಸಿಕೊಂಡೆ.

ನಾದಿನಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಕುಳ್ಳು ಅಂತ ಕೀಳ್ತಿದ್ದೀರಾ?"

"ಬೆಳವಣಿಗೆ ಇಲ್ಲ ಕಣೇ ಅವಕ್ಕೆ."

"ನಾನೂ ಕುಳ್ಳೇ. ನನ್ನನ್ನೂ ಕಿತ್ತು ಹಾಕಿಬಿಡಿ."

"ನಿನ್ನನ್ನು ಕೀಳೋ ಚಿಮಟ ಇನ್ನೂ ಮಾಡಿಲ್ಲ."

ನಕ್ಕೆವು. ಕಿತ್ತವು ಕಸದ ಬುಟ್ಟಿಗೆ ಹೋದವು. ಇಪ್ಪತ್ತನಾಲ್ಕು ರ್ಯಾಂಕ್ ವಿಜೇತರಿಗೆ ಬಹುಮಾನವಾಗಿ ನಾನು ಎರಡು ಹೊತ್ತು ನೀರು ಕೊಟ್ಟೆ. ಕೆಳಗೆ ಮಾಸ್ಟರು ಪ್ರತಿದಿನ ಕೇಳುತ್ತಿದ್ದರು, "ಹೇಗಿದ್ದಾರೆ ಅಮ್ಮಾ ನಮ್ಮವರು?" ನಾನು ಕೈಯಲ್ಲಿ ಅಳತೆ ತೋರಿಸಿ, "ಇಷ್ಟೆತ್ತರ!" ಎನ್ನುತ್ತಿದ್ದೆ. ಒಂದು ದಿನ ಬಂದಾಗ ಅವರು ನಾಲ್ಕೂ ಕುಂಡಗಳನ್ನು ತೊಳೆದು ಬೋರಲು ಹಾಕಿದ್ದರು.

ಎರಡು ದಿನ ಕಳೆದಿರಬೇಕು. ಬೆಳಿಗ್ಗೆ ನೋಡಿದರೆ ಒಂದು ಮೂಲೆಯ ಐದು ಸಸಿ ಮಲಗಿದ್ದವು. ದಣಿದಿವೆ ಎಂದುಕೊಂಡು ನೀರು ಹಾಕಿದೆ. ಸಂಜೆಗೆ ಒಂಬತ್ತು. ಮರುದಿನ ಬೆಳಿಗ್ಗೆ ಎಣಿಸಲು ಮನಸ್ಸಾಗಲಿಲ್ಲ. ಬುಡ ನೀರಾಗಿ, ಕರಗಿದ ದಾರದಂತೆ ಮಣ್ಣಿಗೆ ಅಂಟಿಕೊಂಡಿದ್ದವು. ನಾದಿನಿ ಚೀಟಿಯಲ್ಲಿ ಏನೂ ಬರೆಯಲಿಲ್ಲ. ಚೀಟಿಯನ್ನು ಗೋಡೆಯಿಂದ ಕಿತ್ತು ಮಡಿಸಿ ಜೇಬಿಗೆ ಹಾಕಿಕೊಂಡಳು.

ಆಸ್ಪತ್ರೆಯ ಗೇಟಿನ ಬಳಿ ಸಸಿ ಮಾರುವ ಹೆಂಗಸೊಬ್ಬಳಿದ್ದಾಳೆ. ಸತ್ತ ಸಸಿಯೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವಳ ಹತ್ತಿರ ಹೋದೆ. ಅವಳು ಬಿಡಿಸಿ ನೋಡಿದಳು.

"ಅಯ್ಯೋ ಅಜ್ಜಿ! ಕತ್ತಲೇಲಿ ಇಟ್ಟಿದ್ರಾ?"

"ಇಲ್ಲಮ್ಮಾ. ಚೆನ್ನಾಗೇ ಎತ್ತರ ಬೆಳೆದಿತ್ತು."

"ಎತ್ತರ ಅಲ್ಲ ಅಜ್ಜಿ ಅದು, ಹಸಿವು. ಬೆಳಕು ಸಾಲದೆ ಇಣುಕಿ ಇಣುಕಿ ನೋಡಿದೆ. ಮೇಲೆ ನೀರೂ ಜಾಸ್ತಿ, ಬುಡ ಕೊಳೆತಿದೆ. ಒಂದು ತಟ್ಟೇಲಿ ಎಲ್ಲಾ ಹೀಗಾಗಲ್ವಲ್ಲ. ಕಿಟಕಿ ಕಡೆಯವು ಗಿಡ್ಡಗೆ, ಗಟ್ಟಿಯಾಗಿ ಇರ್ಬೇಕಲ್ಲ?"

"ಇದ್ದವು."

"ಅವನ್ನು ಬೇರೆ ಮಾಡಿ ನೆಡಿ, ಸಾಕು."

"ಕಿತ್ತು ಎಸೆದೆ."

ಅವಳು ನಗು ತಡೆಯಲು ಸೆರಗು ಬಾಯಿಗೆ ಅಡ್ಡ ಹಿಡಿದಳು. "ಪರೀಕ್ಷೇಲಿ ಪಾಸಾದವರನ್ನೆಲ್ಲ ಹೊರಗೆ ಹಾಕಿ, ಫೇಲಾದವರಿಗೆ ಬಹುಮಾನ ಕೊಟ್ರಾ?"

ನಾನು ಕಾಲೇಜಿನಲ್ಲಿದ್ದವಳೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಬಾಣ ನೆಡಬೇಕಾದ ಜಾಗದಲ್ಲೇ ನೆಟ್ಟಿತು. ನನ್ನ ಮುಖ ನೋಡಿ ಅವಳ ನಗು ನಿಂತಿತು. ಪಕ್ಕದ ಇಟ್ಟಿಗೆಯ ಮೇಲಿನ ಧೂಳು ಒರೆಸಿ ಕೂರಿಸಿದಳು. ಉಳಿದ ಸಸಿಗಳನ್ನು ಬೇರೆ ಬೇರೆ ಲೋಟದಲ್ಲಿ, ಕಾಂಡವೆಲ್ಲ ಮುಚ್ಚಿ ಎಲೆಯಷ್ಟೇ ಮೇಲೆ ಕಾಣುವ ಹಾಗೆ ನೆಡಬೇಕು. ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ ತಲೆಯ ಹತ್ತಿರವೇ ಬೆಳಕು ಬೇಕು ಎಂದು ನಿಧಾನವಾಗಿ ಎರಡು ಸಲ ಹೇಳಿದಳು. ಆಮೇಲೆ ತನ್ನ ಕಡೆಯ ತಟ್ಟೆಯೊಂದನ್ನು ತೋರಿಸಿದಳು. ಹನ್ನೆರಡು ಸಸಿ, ಗುಂಡಗೆ, ದಟ್ಟ ಹಸಿರು.

"ಇದೂ ಅದೇ ಜಾತಿ. ಬೇಕಾದ್ರೆ ತಗೊಂಡು ಹೋಗಿ. ಎಲೆ ನೋಡಿದ್ರೆ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ."

ದುಡ್ಡು ಕೊಟ್ಟು ತಂದೆ.

ಮನೆಯಲ್ಲಿ ಅವಳು ಹೇಳಿದಂತೆಯೇ ಉಳಿದವನ್ನು ಲೋಟಗಳಿಗೆ ನೆಟ್ಟೆವು. ಇದ್ದದ್ದು ಎಂಟೇ; ಅವನ್ನು ನಾದಿನಿಯ ಬಿಸಿಲ ಕಿಟಕಿಯಲ್ಲಿಟ್ಟೆವು. ಅವಳು ತನ್ನ ಕುರ್ಚಿಯನ್ನು ಕತ್ತಲ ಮೂಲೆಗೆ ಎಳೆದುಕೊಂಡಳು. ಆ ವಾರವೆಲ್ಲ ಮೋಡ. ವಾರ ಕಳೆಯುವಷ್ಟರಲ್ಲಿ ಎಂಟರಲ್ಲಿ ಮೂರು ಉಳಿದವು.

"ಎರಡು ವಾರ್ಡಿನಲ್ಲಿ, ಒಂದು ಐಸಿಯುನಲ್ಲಿ" ಎಂದಳು ನಾದಿನಿ. ಆಮೇಲೆ ಕೊಂಡು ತಂದ ತಟ್ಟೆಯ ಕಡೆ ಗಲ್ಲ ತೋರಿಸಿದಳು. "ಅದನ್ನು ಕೊಟ್ಬಿಡಿ ಅತ್ತಿಗೆ. ಆ ಮನುಷ್ಯನಿಗೆ ಸಮಾಧಾನ ಆಗುತ್ತೆ. ಹೂ ಬಿಡೋವರೆಗೂ ಯಾರಿಗೂ ಗೊತ್ತಾಗಲ್ಲ."

"ಹೂ ಬಿಟ್ಟಾಗ?"

"ಮಣ್ಣು ಬದಲಾಯ್ತು, ಬಣ್ಣ ಬದಲಾಯ್ತು ಅನ್ನಿ. ನೀವು ಹೇಳಿದ್ರೆ ನಂಬ್ತಾರೆ. ಓದಿದವರು."

ಅವಳು ಕುಟುಕಲು ಹೇಳಿದಳೋ ಕರುಣೆಯಿಂದ ಹೇಳಿದಳೋ ತಿಳಿಯಲಿಲ್ಲ. ಬಹುಶಃ ಎರಡೂ. ಆ ವಾರವೆಲ್ಲ ನಾನು ಹಿಂದಿನ ಗೇಟಿನಿಂದ ಕಳ್ಳಿಯ ಹಾಗೆ ಓಡಾಡುತ್ತಿದ್ದೆ. ಮಾಸ್ಟರು ಕೇಳಿಬಿಟ್ಟರೆ ಎಂಬ ಭಯ. ಮರುದಿನ ಹನ್ನೊಂದು ಗಂಟೆಗೆ ಕೊಂಡ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೆ. ಕೊಟ್ಟು, ಚೆನ್ನಾಗಿವೆ ಎಂದು, ಹೊರಟುಬಿಡುವುದು. ಅಷ್ಟೇ.

ಅಂಗಡಿಯಲ್ಲಿ ಒಬ್ಬ ಬಸ್ ಕಂಡಕ್ಟರು ಕೋಟಿನ ಅಳತೆ ಕೊಡುತ್ತ, ಎರಡೂ ಕೈಯನ್ನು ಅಗಲಕ್ಕೆ ಚಾಚಿ ನಿಂತಿದ್ದ. ಮಾಸ್ಟರ ಕೈಯಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣ. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಅವರು ಟೇಪನ್ನು ಕಂಡಕ್ಟರ ಕೊರಳಿಗೇ ಹಾಕಿಬಿಟ್ಟು ಬಂದರು.

"ಬಂದ್ರಾ! ಅಮ್ಮಾ, ಇಷ್ಟು ಚೆನ್ನಾಗಿ!"

ಕತ್ತರಿಸುವ ಮೇಜಿನ ಮೇಲಿನ ಬಟ್ಟೆಯನ್ನೆಲ್ಲ ಒಂದೇ ಸಲ ಪಕ್ಕಕ್ಕೆ ತಳ್ಳಿ ಜಾಗ ಮಾಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನೋಡಿ ಸಾರ್" ಎಂದರು ಕಂಡಕ್ಟರಿಗೆ. "ನಮ್ಮವಳದು. ಅವಳು ಹೋದ್ಮೇಲೂ ಬಂದ್ವು."

"ಭಾರಿ ಚೆನ್ನಾಗಿದಾವೆ" ಎಂದ ಕಂಡಕ್ಟರು, ಕೈ ಚಾಚಿಕೊಂಡೇ.

ಮಾಸ್ಟರು ಬಗ್ಗಿ, ಸುಣ್ಣದ ಬೆರಳಿನಿಂದ ಒಂದು ಎಲೆಯನ್ನು ಮುಟ್ಟಿದರು. ನನಗೂ ಕೇಳಿಸಬಾರದೆಂಬಷ್ಟು ಮೆಲ್ಲಗೆ ಅದಕ್ಕೆ ಹೇಳಿದರು, "ಇಷ್ಟು ದಿನ ಎಲ್ಲಿದ್ದೆ?"

ನನಗೆ ಸುಳ್ಳು ಹೇಳುವುದು ಬರುವುದಿಲ್ಲ ಎಂದಲ್ಲ. ಆ ಒಂದೂವರೆ ತಿಂಗಳು ಅದನ್ನೇ ಮಾಡಿದ್ದೆ. ಆದರೆ ಆ ಪ್ರಶ್ನೆಗೆ ಆಸ್ಪತ್ರೆಯ ಗೇಟಿನ ಬಳಿ ಎಂದು ಉತ್ತರ ಇತ್ತಲ್ಲ.

"ಮಾಸ್ಟರೇ, ಇವು ಅವಳದಲ್ಲ."

ಅವರು ಎಲೆಯಿಂದ ಬೆರಳು ತೆಗೆಯಲಿಲ್ಲ.

"ಯಾವುದು ಅಲ್ಲ?"

"ಹನ್ನೆರಡೂ ಅಲ್ಲ. ಕೊಂಡು ತಂದಿದ್ದು. ನಾನು ಸಾಯಿಸಿಬಿಟ್ಟೆ."

ಆಮೇಲೆ ಎಲ್ಲವನ್ನೂ ಹೇಳಿದೆ. ಕತ್ತಲ ಕಿಟಕಿ, ಎರಡು ಹೊತ್ತಿನ ನೀರು, ಚಿಮಟ, ಕುಳ್ಳರು, ನೀಳರು. ಹಾಳೆಗೆ ಅಂಟಿಸಿದರೆ ಯಾವುದು ಚಂದ ಕಾಣುತ್ತದೆ ಎಂದು ನೋಡಿ ಆರಿಸಿದೆ ಎಂಬುದನ್ನೂ. ಜೀವಮಾನದಲ್ಲಿ ಒಂದೂ ಗಿಡ ಬೆಳೆಸಿದವಳಲ್ಲ ಎಂಬುದನ್ನೂ. ಹೇಳುತ್ತಾ ಹೋದಂತೆ ನನ್ನ ಕಿವಿಗೇ ಅದು ಯಾರೋ ಹುಚ್ಚಿಯ ಕಥೆಯ ಹಾಗೆ ಕೇಳಿಸಿತು.

"ನಾನು ಕೈ ಇಳಿಸ್ಲಾ?" ಎಂದ ಕಂಡಕ್ಟರು. ಕೇಳಿಯೂ ಇಳಿಸಲಿಲ್ಲ.

"ಎಲ್ಲಾನೂ ಕೊಡಿ ಅಂದಿದ್ದು ನೀವೇ" ಎಂದರು ಮಾಸ್ಟರು.

"ಹೌದು."

"ನಾನು ಅರ್ಧ ಇಟ್ಕೋತೀನಿ ಅಂದೆ."

"ಅಂದ್ರಿ."

ಅವರು ಹೋಗಿ ಮೆಷಿನ್ನಿನ ಮುಂದೆ ಕೂತರು. ಕೈಗೆ ಸಿಕ್ಕ ಚಿಂದಿಯೊಂದನ್ನು ಸೂಜಿಯ ಕೆಳಗಿಟ್ಟು ಹೊಲಿದರು. ಕೊನೆ ಮುಟ್ಟಿದ ಮೇಲೆ ತಿರುಗಿಸಿ ಮತ್ತೆ ಹೊಲಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಂಡಕ್ಟರು ತಾನಾಗಿ ಕೈ ಇಳಿಸಿ, ಕೊರಳಿನ ಟೇಪನ್ನು ಸುರುಳಿ ಸುತ್ತಿ ಮೇಜಿನ ಮೇಲಿಟ್ಟ. ಹೋಗುವಾಗ ಹನ್ನೆರಡು ಸಸಿಯ ಆ ತಟ್ಟೆಯನ್ನು ಎತ್ತಿಕೊಂಡು ಹೋಗಿ, ನಮ್ಮಿಬ್ಬರ ಕಣ್ಣಿಗೂ ಬೀಳದಂತೆ ಹೊರಗೆ ಗೋಡೆಯ ಮರೆಯಲ್ಲಿಟ್ಟ. ಆ ಮನುಷ್ಯನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

"ಒಂದೂ ಉಳಿದಿಲ್ವಾ?" ಮಾಸ್ಟರು ಬಟ್ಟೆಯಿಂದ ಕಣ್ಣೆತ್ತದೆ ಕೇಳಿದರು.

"ಮೂರಿವೆ. ಒಂದು ಅನುಮಾನ. ನಮ್ಮನೇಲಿ ಬೆಳಕು ಸಾಲ್ತಿಲ್ಲ."

ಅವರು ಹಲ್ಲಿನಿಂದ ದಾರ ಕಡಿದರು.

"ತನ್ನಿ."

ಮೇಲೆ ಹೋಗಿ ನಾದಿನಿಗೆ ಹೇಳಿದೆ. ಒಂದು ಕೊಂಕು ಬಂದೇ ಬರುತ್ತದೆಂದು ಕಾದೆ. ಬರಲಿಲ್ಲ. ಮೂರು ಲೋಟವನ್ನೂ ತಾನೇ ಟ್ರೇಯಲ್ಲಿಟ್ಟು, ಆಸ್ಪತ್ರೆಯಲ್ಲಿ ಮಗುವನ್ನು ಒಯ್ಯುವವಳ ಹಾಗೆ ಒಂದೊಂದೇ ಮೆಟ್ಟಿಲು ಇಳಿಸಿ ತಂದಳು. ಅಂಗಡಿಯ ಮೇಜಿನ ಮೇಲಿಟ್ಟು, "ಇದಕ್ಕೆ ನೀರು ಎರಡು ದಿನಕ್ಕೊಮ್ಮೆ, ಮೂರು ಚಮಚ, ತಟ್ಟೆಗೆ ಹಾಕಿ ಕೆಳಗಿನಿಂದ" ಎಂದು ಮಾಸ್ಟರಿಗೆ ಹೇಳಿ ಮೇಲೆ ಹೊರಟುಹೋದಳು.

ಮಾಸ್ಟರು ಬಹಳ ಹೊತ್ತು ನೋಡಿದರು. ಲೋಟದ ಮಣ್ಣಿನ ಮೇಲೆ ನಾಲ್ಕು ನಾಲ್ಕು ಎಲೆ. ಒಂದರ ಎಲೆ ಹಳದಿ ತಿರುಗಿತ್ತು. ಹನ್ನೆರಡರ ಮುಂದೆ ಇವು ಬಡವರ ಮನೆಯ ಮಕ್ಕಳಂತಿದ್ದವು.

"ಇವು ಅವಳದೇನಾ?"

"ಇವು ಅವಳದೇ."

ಅವರ ಮೆಷಿನ್ನಿನ ಮೇಲೆ ಚಾವಣಿಯಿಂದ ಎರಡು ಸರಪಣಿಯಲ್ಲಿ ಒಂದು ಟ್ಯೂಬ್‌ಲೈಟು ತೂಗುತ್ತದೆ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣಬೇಕಲ್ಲ, ಬೆಳಿಗ್ಗೆ ಏಳಕ್ಕೆ ಹಾಕಿದರೆ ರಾತ್ರಿ ಎಂಟರವರೆಗೆ ಉರಿಯುತ್ತದೆ. ಅದರ ಕೆಳಗೆ, ಸೂಜಿಯ ಹಿಂದೆ, ದಾರದ ಉರುಳೆಗಳನ್ನಿಡುವ ಒಂದು ಹಲಗೆ. ಮಾಸ್ಟರು ಉರುಳೆಗಳನ್ನೆಲ್ಲ ಬಾಚಿ ಒಂದು ಚೀಲಕ್ಕೆ ತುಂಬಿದರು. ಮೂರು ಲೋಟವನ್ನು ಹಲಗೆಯ ಮೇಲೆ ಸಾಲಾಗಿ ಇಟ್ಟರು. ಕುರ್ಚಿ ಹತ್ತಿ, ಸರಪಣಿಯ ಕೊಂಡಿಯನ್ನು ಎರಡೂ ಕಡೆ ನಾಲ್ಕು ಕಣ್ಣು ಇಳಿಸಿದರು. ದೀಪ ಸಸಿಗಳ ತಲೆಯ ಮೇಲೆ ಒಂದು ಗೇಣಿನಷ್ಟು ದೂರಕ್ಕೆ ಬಂದು ನಿಂತಿತು.

"ನಿಮ್ಮ ತಲೆಗೆ ತಾಗುತ್ತಲ್ಲ" ಎಂದೆ.

"ಬಗ್ಗಿ ಹೊಲೀತೀನಿ."

"ನಾನು ದಿನಾ ಬಂದು ನೀರು..."

"ನೀರಿನ ತಂಟೆಗೆ ಬರಬೇಡಿ ಅಮ್ಮಾ." ಗದರಿಕೆಯೇ ಅದು, ಸಂಶಯವಿಲ್ಲ. ಕುರ್ಚಿಯಿಂದ ಇಳಿದು, "ನೋಡೋಕೆ ಬನ್ನಿ" ಎಂದರು.

ಹೋಗು ಎನ್ನಲಿಲ್ಲವಾದ್ದರಿಂದ ಗಿರಾಕಿಗಳ ಬೆಂಚಿನ ಮೇಲೆ ಕೂತೆ. ಅವರು ಕುತ್ತಿಗೆ ಬಗ್ಗಿಸಿ ಕಂಡಕ್ಟರ ಕೋಟಿನ ಬಟ್ಟೆಗೆ ಗುರುತು ಹಾಕತೊಡಗಿದರು; ಒಂದೆರಡು ಸಲ ಹಣೆ ದೀಪದ ಪಟ್ಟಿಗೆ ಬಡಿಯಿತು. ಒಬ್ಬ ಹೆಂಗಸು ಬಂದು ಲಂಗ ಒಯ್ದಳು. ಯಾರೋ ಜಿಪ್ಪು ಬದಲಿಸಲು ಚೀಲ ಕೊಟ್ಟು ಹೋದರು. ನಾನು ಸಸಿಗಳನ್ನು ನೋಡಿದೆ. ಅಂಕ ಕೊಡಲಿಲ್ಲ.

ಒಂದೂವರೆಯ ಹೊತ್ತಿಗೆ ಮಾಸ್ಟರು ಕೈ ತೊಳೆದು ಬಂದು ಮೂಲೆಯಿಂದ ಊಟದ ಡಬ್ಬಿ ತೆಗೆದರು. ಒಬ್ಬನ ಅಡುಗೆ, ಒಂದೇ ಡಬ್ಬಿ: ಅನ್ನ, ಅಂಚು ಸ್ವಲ್ಪ ಸೀದ ಆಲೂಗಡ್ಡೆ. ಮುಚ್ಚಳವನ್ನು ಮಗುಚಿ ಅರ್ಧ ಅನ್ನ ಅದಕ್ಕೆ ಸುರಿದರು. ಆಲೂಗಡ್ಡೆಯಲ್ಲಿ ಸೀದಿರದ ಹೋಳುಗಳನ್ನು ಆರಿಸಿ ಅದರ ಮೇಲಿಟ್ಟರು. ಇದ್ದ ಒಂದೇ ಚಮಚ ಒರೆಸಿ ಅಂಚಿಗೆ ಒರಗಿಸಿ, ಕಣ್ಣನ್ನು ಸಸಿಗಳ ಮೇಲಿಟ್ಟುಕೊಂಡೇ, ಮುಚ್ಚಳವನ್ನು ನನ್ನ ಕಡೆಗೆ ಚಾಚಿದರು.